ಅಳಿಲು ನೆಟ್ಟ ನೆರಳು

ತೋಪಿನ ಅಳಿಲೊಂದು ಹುಲ್ಲುಗಾವಲು ಕಾಯುವ ಕೆಲಸ ಕಲಿಯಲೆಂದು ಬೇಸಿಗೆಯ ಮಟ್ಟಿಗೆ ಟಿಟ್ಟಿಭ ಹಕ್ಕಿಯ ಬಳಿ ಸೇರಿಕೊಂಡಿತು. ಬಂದ ದಿನದಿಂದ ಅದಕ್ಕೆ ಒಂದೇ ಸೋಜಿಗ.

"ಅಮ್ಮಾ, ಇಷ್ಟು ದೊಡ್ಡ ಬಯಲಿಗೆ ಒಂದು ಮರವೂ ಬೇಡವೇ? ನಿಮ್ಮ ಮೊಟ್ಟೆಗಳು ಬರಿ ನೆಲದ ಮೇಲೆ ಬೇಯುತ್ತಿವೆಯಲ್ಲ!"

"ಗರಿ ನೆನೆಸಿಕೊಂಡು ಬಂದು ನಾನೇ ತಂಪು ಮಾಡುತ್ತೇನೆ. ಮೊದಲ ಬೇಸಿಗೆ ನೀನು ಸುಮ್ಮನೆ ನೋಡು, ಸಾಕು," ಎಂದು ಟಿಟ್ಟಿಭ ಕೆರೆಯ ಕಡೆ ಹಾರಿತು.

ಸುಮ್ಮನೆ ನೋಡುವುದೂ ಒಂದು ಕೆಲಸವೇ? ಎನಿಸಿತು ಅಳಿಲಿಗೆ. ತೋಪಿಗೆ ಓಡಿ, ಎಲೆ ತುಂಬಿದ ಹೊಂಗೆಯ ಟೊಂಗೆಯೊಂದನ್ನು ಎಳೆದು ತಂದು ಮೊಟ್ಟೆಗಳ ಪಕ್ಕದಲ್ಲೇ ನೆಟ್ಟಿತು. ತಣ್ಣನೆಯ ನೆರಳು ಬಿತ್ತು. ಅಳಿಲು ಹಿಗ್ಗಿ ಬಾಲ ಕುಣಿಸುವಷ್ಟರಲ್ಲಿ ಕಾಗೆಯೊಂದು ಬಂದು ಟೊಂಗೆಯ ಮೇಲೆ ಕೂತು ಕೆಳಗೆ ಇಣುಕಿತು. ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುತ್ತಿದ್ದ ಮೊಟ್ಟೆಗಳು ಅದರ ಕಣ್ಣಿಗೆ ಬಿದ್ದವು.

"ನಿನಗೆ ಇಲ್ಲೇನು ಕೆಲಸ?" ಎಂದು ಅಳಿಲು ಕೂಗಿತು.

"ಇಷ್ಟು ವರ್ಷ ಈ ಬಯಲ ಮೇಲೆ ಹಾರಿ ಹಾರಿ ರೆಕ್ಕೆ ಸೋತಿತ್ತು, ಕೂತು ನೋಡಲು ಒಂದು ಜಾಗವಿರಲಿಲ್ಲ," ಎಂದಿತು ಕಾಗೆ. "ಇದನ್ನು ನೆಟ್ಟ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ!"