ನೇಕಾರ ಹೇಳದೆ ಬಂದ ಮಾತು

“ಗುರುಗಳೆ, ಹೊತ್ತಗೆ ಹಂಚಲು ಹೊರಟ ಭಕ್ತರಿಗೆ ಏನೆಂದು ಹೇಳಿ ಕಳುಹಿಸಲಿ?” ಎಂದು ಶಿಷ್ಯ ಗುರುಪಾದ ಕೇಳಿದ.

ಮಠದಲ್ಲಿ ಧರ್ಮಬೋಧೆಯ ಹೊತ್ತಗೆಗಳು ಅಚ್ಚಾಗಿ ಬಂದಿದ್ದವು. ಅವನ್ನು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಮುಟ್ಟಿಸುವ ಹೊಣೆ ಗುರುಪಾದನದು. ಹೋಗಲು ಒಪ್ಪಿದವರು ರೈತರು, ಅಂಗಡಿಯವರು, ಕೂಲಿಯವರು. ಶಾಸ್ತ್ರ ಓದಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿ ಇವರು ಮಠದ ಮಾತನ್ನೇ ಕೆಡಿಸಿಯಾರು ಎಂಬ ಅಳುಕು ಅವನಿಗಿತ್ತು. ಕೊಟ್ಟು ಕೈಮುಗಿದು ಸುಮ್ಮನೆ ಬನ್ನಿ ಎಂದು ಅಪ್ಪಣೆ ಮಾಡಿಬಿಡೋಣವೇ ಎಂಬುದು ಅವನ ಯೋಚನೆ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಕಲ್ಲವ್ವ ಎಂಬ ಮಗಳಿದ್ದಳು. ತಂದೆ ನೇಯುವಾಗ ಅವಳು ಪಕ್ಕದಲ್ಲಿ ಕೂತು ರಾಟೆ ತಿರುಗಿಸಿ, ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಮಾತಿನ ಮಲ್ಲಿ. ಅವಳ ಮಾತಿಗೆ ತಾನೂ ಮಾತು ಸೇರಿಸುತ್ತ ಕೂತರೆ ಸೀರೆ ಮುಗಿದದ್ದೇ ನೇಕಾರನಿಗೆ ತಿಳಿಯುತ್ತಿರಲಿಲ್ಲ. ಒಂದು ಬೇಸಗೆ ಊರಿಗೆ ಜ್ವರ ಬಂತು. ಕಲ್ಲವ್ವ ಉಳಿಯಲಿಲ್ಲ.

ನೇಕಾರ ಮಗ್ಗ ಮುಟ್ಟುವುದನ್ನು ಬಿಟ್ಟ. ಬಂದವರೆಲ್ಲ ಸಮಾಧಾನ ಹೇಳಿದರು. ಹುಟ್ಟಿದವರಿಗೆ ಸಾವು ತಪ್ಪದು ಎಂದರು. ಋಣ ಅಷ್ಟೇ ಇತ್ತು ಎಂದರು. ಯಾವ ಮಾತೂ ಅವನ ಕಿವಿಗೆ ಇಳಿಯಲಿಲ್ಲ. ಒಂದು ದಿನ ನೆರೆಮನೆಯ ಮುದುಕಿ ಬಂದಳು. ಅವಳು ಬುದ್ಧಿ ಹೇಳಲಿಲ್ಲ. ಗೋಡೆಗೆ ಒರಗಿ ಕೂತು, ಕಲ್ಲವ್ವ ತನ್ನ ಎಲೆಯಡಿಕೆ ಚೀಲ ಬಚ್ಚಿಟ್ಟು ಕಾಡಿದ್ದನ್ನು ಹೇಳಿದಳು. ಇನ್ನೊಂದು ಹೇಳಿದಳು, ಮತ್ತೊಂದು ಹೇಳಿದಳು. ಹೇಳುತ್ತ ಅತ್ತಳು. ಅಲ್ಲಿಯವರೆಗೆ ಕಲ್ಲಾಗಿ ಕೂತಿದ್ದ ನೇಕಾರನೂ ಅತ್ತ. ಮುದುಕಿ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಹೀಗೆ ಎಷ್ಟೋ ದಿನ ಕಳೆದ ಮೇಲೆ ಅವನ ಕೈ ತಾನಾಗಿ ಮಗ್ಗದ ಲಾಳಿ ಹಿಡಿಯಿತು. ಕೈ ಮೊದಲಿನಂತಾಯಿತು, ನಾಲಗೆ ಆಗಲಿಲ್ಲ. ಆ ಮುದುಕಿಯೂ ತೀರಿಹೋದ ಮೇಲೆ ಮಗಳ ಹೆಸರನ್ನು ಅವನು ಯಾರ ಮುಂದೆಯೂ ಎತ್ತಲಿಲ್ಲ.

ಅದೇ ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಮಠಕ್ಕೆ ಬಹಳ ನಡೆದುಕೊಳ್ಳುವವನು. ಮಠದ ಹಿರಿಯರು ಬರೆದಿಟ್ಟಿದ್ದ ಬೋಧೆಯ ಮಾತುಗಳನ್ನು ಅವನು ಅಚ್ಚು ಹಾಕಿಸಿದ. ಅವು ಕಪಾಟಿನಲ್ಲಿ ಕೂರಬಾರದು, ಬಡವನ ಗುಡಿಸಲಿಗೂ ಹೋಗಬೇಕು ಎಂಬುದು ಅವನ ಆಸೆ. ಭಕ್ತರನ್ನು ಸೇರಿಸಿದ. ಹಿಂಜರಿದವರ ಮನೆಗೆ ತಾನೇ ಹೋಗಿ ಕೂತು ಒಪ್ಪಿಸಿದ. ಯಾರು ಯಾವ ಹಳ್ಳಿಗೆ ಎಂದು ಹಂಚಿಕೊಟ್ಟ. ಅವನ ಭಕ್ತಿಯಲ್ಲಿ ಕಪಟವಿರಲಿಲ್ಲ.

ಮೊದಲ ಸುತ್ತಿನಲ್ಲೇ ಒಂದು ಎಡವಟ್ಟಾಯಿತು. ಭಕ್ತರಲ್ಲಿ ಎಣ್ಣೆ ಮಾರುವವನೊಬ್ಬ, ಈ ಹೊತ್ತಗೆ ಇದ್ದ ಮನೆಗೆ ಹಾವು ಬರುವುದಿಲ್ಲ ಎಂದು ಹೇಳಿಕೊಂಡು ಹೋದ. ಹಳ್ಳಿಯವರು ಸಂತೆಯಲ್ಲಿ ಆಡಿಕೊಂಡು ನಕ್ಕರು. ವ್ಯಾಪಾರಿಗೆ ತಲೆ ಎತ್ತಲಾಗದಂತಾಯಿತು. ಅವನು ಭಕ್ತರನ್ನೆಲ್ಲ ಮಠದ ಗದ್ದುಗೆಯ ಮುಂದೆ ನಿಲ್ಲಿಸಿ ಒಂದು ಕಟ್ಟುಪಾಡು ಮಾಡಿದ. ಹೊತ್ತಗೆ ಕೊಡಬೇಕು, ಕೈಮುಗಿಯಬೇಕು, ಮುಂದಿನ ಮನೆಗೆ ನಡೆಯಬೇಕು. ಯಾರು ಏನು ಕೇಳಿದರೂ ಎಲ್ಲ ಇದರಲ್ಲಿದೆ ಎನ್ನಬೇಕು. ಅದರಾಚೆ ಸ್ವಂತದ ಒಂದು ಮಾತೂ ಸಲ್ಲದು.

ಕೆಲವರು ಗೊಣಗಿದರು. ಆ ಭಕ್ತರಲ್ಲಿ ಒಬ್ಬನಾಗಿದ್ದ ನೇಕಾರನಿಗೆ ಮಾತ್ರ ನಿರಾಳವಾಯಿತು. ಪುಣ್ಯದ ಕೆಲಸ ಮಾಡಬೇಕೆಂಬ ಆಸೆ ಅವನಿಗಿತ್ತು, ಜನರೊಡನೆ ಬೆರೆಯುವ ಧೈರ್ಯವಿರಲಿಲ್ಲ. ಬಾಯಿ ಬಿಡದೆ ಮಾಡುವ ಸೇವೆ ಸಿಕ್ಕಿತಲ್ಲ ಎಂದು ಗಂಟು ಹೊತ್ತು ಹೊರಟ.

ಅವನ ಪಾಲಿಗೆ ಹೊಳೆಯಾಚೆಯ ಹಳ್ಳಿ ಬಂದಿತ್ತು. ಒಂದೊಂದೇ ಮನೆ ಮುಗಿಸುತ್ತ ಕುಂಬಾರನ ಮನೆಗೆ ಬಂದ. ಕುಂಬಾರ ಮಣ್ಣು ತರಲು ಹೋಗಿದ್ದ. ಅವನ ಹೆಂಡತಿ ಬಾಗಿಲಲ್ಲಿ ಕೂತಿದ್ದಳು. ಹೊತ್ತಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನೇಕಾರ ಕೈಮುಗಿದು ತಿರುಗಿದಾಗ ಅವಳು ಕೇಳಿದಳು.

“ಅಣ್ಣಾ, ಮಗು ಕಳೆದುಕೊಂಡವರಿಗೆ ಇದರಲ್ಲಿ ಏನಾದರೂ ಹೇಳಿದ್ದಾರೆಯೇ?”

ನೇಕಾರ ನಿಂತ. ಅವಳ ಮುಖ ನೋಡಿದ. ಆ ಮುಖ ಅವನಿಗೆ ಗೊತ್ತಿತ್ತು. ಒಂದು ಕಾಲಕ್ಕೆ ಅವನದೂ ಅದೇ ಮುಖವಾಗಿತ್ತು. ಅವಳು ಪಕ್ಕಕ್ಕೆ ಸರಿದು, ಬಿಸಿಲಲ್ಲಿ ಬಂದಿದ್ದೀಯೆ, ಕೂತು ನೀರು ಕುಡಿದು ಹೋಗು ಎಂದಳು. ಕಲ್ಲವ್ವನ ಹೆಸರು ನೇಕಾರನ ನಾಲಗೆಯ ತುದಿಗೆ ಬಂತು. ಒಮ್ಮೆ ಬಾಯಿ ಬಿಟ್ಟರೆ ಗೊತ್ತಿಲ್ಲದವರ ಅಂಗಳದಲ್ಲಿ ಕೂತು ಅಳಬೇಕಾಗುತ್ತದೆ ಎಂದು ಹೆದರಿದ. ಕಟ್ಟುಪಾಡು ನೆನಪಾಯಿತು. ಚಳಿಯಲ್ಲಿ ಸಿಕ್ಕ ಕಂಬಳಿಯಂತೆ ಅದನ್ನು ಎಳೆದು ಹೊದ್ದುಕೊಂಡ.

“ಎಲ್ಲ ಇದರಲ್ಲಿದೆ, ತಾಯಿ,” ಎಂದ. ನೀರು ಕುಡಿಯಲಿಲ್ಲ. ಮುಂದಿನ ಮನೆಗೆ ನಡೆದ.

ಗಂಟು ಖಾಲಿಯಾಗಿ ಬಂದದ್ದನ್ನು ಕಂಡು ವ್ಯಾಪಾರಿ ಎಲ್ಲರ ಮುಂದೆ ಅವನನ್ನು ಹೊಗಳಿದ. ನೇಕಾರನಿಗೆ ಆ ಹೊಗಳಿಕೆ ಹಿಡಿಸಲಿಲ್ಲ. ನೇಯಲು ಕೂತರೆ ಆ ಹೆಂಗಸಿನ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಕೆಲವು ದಿನ ಬಿಟ್ಟು, ಆ ಹಳ್ಳಿಗೆ ಇನ್ನೊಮ್ಮೆ ಹೋಗಿ ಬರಲೇ ಎಂದು ವ್ಯಾಪಾರಿಯನ್ನು ಕೇಳಿದ. ಕೊಟ್ಟ ಮನೆಗೆ ಮತ್ತೆ ಏನು ಕೆಲಸ, ಕೊಡದ ಮನೆಗಳು ಇನ್ನೂ ಎಷ್ಟೋ ಇವೆ ಎಂದು ವ್ಯಾಪಾರಿ ಅವನನ್ನು ಬೇರೆ ಕಡೆಗೆ ಕಳುಹಿಸಿದ. ನೇಕಾರ ಒತ್ತಾಯ ಮಾಡಲಿಲ್ಲ. ನಾಳೆ ಹೋದರಾಯಿತು ಎಂದುಕೊಂಡ. ಮಳೆ ಹಿಡಿಯಿತು, ಹೊಳೆ ತುಂಬಿತು. ಹೊಳೆ ಇಳಿದ ಮೇಲೆ ಮಗ್ಗದ ಕೆಲಸ ಅಡ್ಡ ಬಂತು.

ಸುಗ್ಗಿ ಮುಗಿಯುವ ಹೊತ್ತಿಗೆ ಅವನು ಯಾರನ್ನೂ ಕೇಳದೆ ಹೊರಟ. ದಾರಿಯುದ್ದಕ್ಕೂ, ಹೋದೊಡನೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕೂಡಿಸಿಕೊಂಡ. ಮೊದಲು ನೀರು ಕೇಳಿ ಕುಡಿಯುತ್ತೇನೆ, ಆಮೇಲೆ ಅವಳ ಮಗುವಿನ ಹೆಸರು ಕೇಳುತ್ತೇನೆ, ಆಮೇಲೆ ನನ್ನ ಕಲ್ಲವ್ವನದು ಹೇಳುತ್ತೇನೆ ಎಂದುಕೊಂಡ.

ಕುಂಬಾರ ತಿಗರಿಯ ಮುಂದೆ ಕೂತಿದ್ದ. ತಿಗರಿ ತಿರುಗುತ್ತಿರಲಿಲ್ಲ. ಮನೆಯವರು ಎಲ್ಲಿ ಎಂದು ನೇಕಾರ ಕೇಳಿದ. ಕುಂಬಾರ ಅವನನ್ನು ಕೂರಿಸಿ ನಡೆದದ್ದನ್ನು ಹೇಳಿದ.

ಅವಳಿಗೆ ಓದು ಬರುತ್ತಿರಲಿಲ್ಲ. ಆ ದಿನವೇ ಹೊತ್ತಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಯ ಮಾಸ್ತರರಲ್ಲಿಗೆ ಹೋದಳು. ಸತ್ತವರ ವಿಷಯ ಇರುವ ಕಡೆ ಓದಿ ಎಂದಳು. ಮಾಸ್ತರರು ಹುಡುಕಿ ಓದಿದರು. ಹೋದ ಜೀವಕ್ಕೆ ಅಳುವವನು ಅಜ್ಞಾನಿ, ಅವನ ಕಣ್ಣೀರು ಹೋದವರಿಗೆ ಭಾರ ಎಂದು ಅಲ್ಲಿ ಇತ್ತು. ಎಲ್ಲ ಬಿಟ್ಟು ಹೊರಟ ವಿರಕ್ತರಿಗೆಂದು ಹಿರಿಯರು ಎಂದೋ ಹೇಳಿದ್ದ ಮಾತು ಅದು. ಅವಳಿಗೆ ಅದನ್ನು ತಿಳಿಸುವವರು ಯಾರೂ ಇರಲಿಲ್ಲ. ತನ್ನ ಅಳು ಮಗುವಿಗೆ ಭಾರವಾಗುತ್ತಿದೆ ಎಂದು ನಂಬಿದಳು. ಅಂದಿನಿಂದ ಅಳು ಬಿಟ್ಟಳು. ಊರಿನವರು ಗಟ್ಟಿಯಾದಳು ಎಂದರು, ಕುಂಬಾರನೂ ಹಾಗೆಯೇ ತಿಳಿದ. ಆಮೇಲೆ ಮಾತು ಬಿಟ್ಟಳು. ಕೊನೆಗೆ ಅನ್ನ ಬಿಟ್ಟಳು. ಮಳೆಗಾಲ ಮುಗಿಯುವ ಮುಂಚೆ ಮಗುವಿನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದರು.

ಕುಂಬಾರನ ದನಿಯಲ್ಲಿ ಸಿಟ್ಟಿರಲಿಲ್ಲ. ಹೊತ್ತಗೆ ತಂದುಕೊಟ್ಟ ಪುಣ್ಯಾತ್ಮ ನೀನೇ ಅಲ್ಲವೇ ಎಂದೂ ಕೇಳಿದ.

ನಾನೇ ಎಂದು ನೇಕಾರ ತಲೆಯಾಡಿಸಿದ. ಆಮೇಲೆ ಅವನು ಕಲ್ಲವ್ವನ ಹೆಸರು ಹೇಳಿದ. ರಾಟೆಯ ವಿಷಯ ಹೇಳಿದ. ತಾನು ಕಲ್ಲಾದದ್ದನ್ನು, ಮುದುಕಿ ಬಂದು ಕೂತದ್ದನ್ನು, ಅತ್ತ ಮೇಲೆಯೇ ತನ್ನ ಕೈಗೆ ಜೀವ ಬಂದದ್ದನ್ನು ಹೇಳಿದ. ಕುಂಬಾರ ಮಣ್ಣಿನ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೊನೆಯವರೆಗೂ ಕೇಳಿದ.

“ಇದನ್ನು ಅವಳ ಮುಂದೆ ಹೇಳಬೇಕಿತ್ತಪ್ಪ ನೀನು,” ಎಂದ.

ನೇಕಾರ ಊರಿಗೆ ಬಂದವನು ನೇರವಾಗಿ ಜವಳಿ ಅಂಗಡಿಗೆ ಹೋದ. ಎಲ್ಲವನ್ನೂ ಹೇಳಿದ. ವ್ಯಾಪಾರಿ ಮೊದಲು, ಹೊತ್ತಗೆಯಲ್ಲಿ ಇರುವುದು ಸತ್ಯವೇ ತಾನೇ ಎಂದ. ಆಮೇಲೆ ಹಣದ ಗಲ್ಲೆಯ ಮೇಲೆ ಕೂತಿದ್ದವನು ಇಳಿದು ಬಂದು ನೇಕಾರನ ಪಕ್ಕದಲ್ಲಿ ನೆಲದ ಮೇಲೆ ಕೂತ. ಮಾತಾಡಬೇಡ ಎಂದು ಕಟ್ಟಿಹಾಕಿದವನು ನಾನು, ಈ ಪಾಪ ನನ್ನದು ಎಂದ.

“ನೀವು ಬೇಡ ಎಂದಿರಿ, ಯಜಮಾನರೆ,” ಎಂದ ನೇಕಾರ. “ನನಗೂ ಅದೇ ಬೇಕಾಗಿತ್ತು.”

ವ್ಯಾಪಾರಿ ಆ ಕಟ್ಟುಪಾಡನ್ನು ತೆಗೆದುಹಾಕಿದ. ಭಕ್ತರು ಮತ್ತೆ ಹಳ್ಳಿಗಳಿಗೆ ಹೋದರು. ಕೇಳಿದವರ ಮನೆಯಲ್ಲಿ ಕೂತರು, ಗೊತ್ತಿದ್ದದ್ದನ್ನು ಹೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ನೇಕಾರನೂ ಹೋಗುತ್ತಿದ್ದ. ಅಳುವವರು ಕಂಡರೆ ಗಂಟು ಇಳಿಸಿ ಕೂರುತ್ತಿದ್ದ. ಆದರೆ ಕಲ್ಲವ್ವನ ಮಾತು ತೆಗೆದಾಗಲೆಲ್ಲ, ಇದನ್ನು ಮೊದಲು ಕೇಳಬೇಕಾಗಿದ್ದವಳು ಕೇಳದೆಯೇ ಹೋದಳು ಎಂಬ ಸಂಕಟ ಅವನ ಎದೆಯನ್ನು ಹಿಂಡುತ್ತಿತ್ತು. ಅದು ಅವನು ಇರುವವರೆಗೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ತಲೆ ತಗ್ಗಿಸಿ ಕೂತಿದ್ದ. ಅವನ ಅಳುಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಎಣ್ಣೆ ಮಾರುವವನಂಥವರು ನಮ್ಮಲ್ಲೂ ಇದ್ದಾರೆ, ಅವರ ಬಾಯಿಗೆ ಸಿಕ್ಕಿ ಹೊತ್ತಗೆಯ ಮಾನ ಹೋದರೆ ಏನು ಮಾಡುವುದು ಎಂದು ಮೆಲ್ಲಗೆ ಕೇಳಿದ.

ಗುರುಗಳು ಅವನನ್ನೇ ನೋಡುತ್ತ, “ಹೊತ್ತಗೆ ಮುಟ್ಟಿದರೆ ಸಾಕು ಎನ್ನುವುದಾದರೆ ಒಂದು ಎತ್ತಿನ ಮೇಲೆ ಹೇರಿ ಅಟ್ಟಬಹುದಲ್ಲ, ಗುರುಪಾದ?” ಎಂದರು.

ಗುರುಪಾದ ಎದ್ದು ಭಕ್ತರ ಬಳಿಗೆ ಹೋಗಿ, ಕೇಳಿದವರ ಮನೆಯಲ್ಲಿ ಕೂತು ಮಾತಾಡಿ ಬನ್ನಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ ಎಂದ.