ಕರಿನಾಲಿಗೆಯ ಇರುವೆ

ಒಂದು ಮೇಕೆಗೆ ದಮ್ಮಿನ ಕಾಯಿಲೆಯಿತ್ತು. ದಮ್ಮು ಇರುವವರು ಮಳೆಯಲ್ಲಿ ನೆನೆಯಬಾರದು, ನೆನೆದರೆ ಉಸಿರು ಕಟ್ಟುತ್ತದೆ. ಆದರೂ ಹಳ್ಳದಾಚೆ ಇರುವ ಮಗಳಿಗೆ ಹೆರಿಗೆ ಹತ್ತಿರವಾಗಿದ್ದರಿಂದ ಅದು ಹೊರಟು ನಿಂತಿತು.

ಮೊಟ್ಟೆ ಹೊತ್ತು ಗೋಡೆ ಹತ್ತುತ್ತಿದ್ದ ಇರುವೆ ಹೇಳಿತು: “ಮೇಕಕ್ಕ, ಬೇರೆ ಊರಿನ ಮಳೆ ನನಗೆ ತಿಳಿಯದು. ಆದರೆ ನಮ್ಮ ಹಳ್ಳದ ಮೇಲೆ ಮಧ್ಯಾಹ್ನ ಮಳೆ ಖಂಡಿತ. ನಾಳೆ ಬೆಳಿಗ್ಗೆ ಹೋಗು. ಮಗಳನ್ನೂ ನೋಡುತ್ತೀಯ, ಉಸಿರೂ ಉಳಿಯುತ್ತದೆ.”

ಅಷ್ಟರಲ್ಲಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದರೆ ಹೊರಟ ಕೆಲಸ ಆಗುತ್ತದೆ ಎಂದು ನಂಬಿಕೆ. ಆದ್ದರಿಂದಲೇ ಮೇಕೆ ತಲೆಬಾಗಿ, “ನೋಡಿದೆಯಾ, ಶಕುನವಾಯಿತು!” ಎಂದಿತು.

“ನಾನು ಸೊಳ್ಳೆ ತಿಂದು ಬಾಯಿ ಚಪ್ಪರಿಸಿದೆ, ಅಷ್ಟೆ,” ಎಂದಿತು ಹಲ್ಲಿ.

“ಎಂಥ ವಿನಯ! ದೊಡ್ಡವರು ಮಾತಾಡುವುದೇ ಹೀಗೆ,” ಎನ್ನುತ್ತ ಮೇಕೆ ಹೊರಟೇಬಿಟ್ಟಿತು.

ಮಧ್ಯಾಹ್ನ ಮಳೆ ಸುರಿದು ಹಳ್ಳ ತುಂಬಿತು. ಅತ್ತ ಮಗಳು ಒಬ್ಬಳೇ ನರಳಿ ಹೆತ್ತಳು. ಇತ್ತ ಮೇಕೆ ಹಳ್ಳ ದಾಟಲಾಗದೆ, ತೊಯ್ದು ತೊಪ್ಪೆಯಾಗಿ, ಏದುಸಿರು ಬಿಡುತ್ತ ಹಿಂದಿರುಗಿತು. ಬಂದದ್ದೇ ಇರುವೆಯ ಮೇಲೆ ಹರಿಹಾಯ್ದಿತು:

“ಕರಿನಾಲಿಗೆಯವಳೇ! ಹಲ್ಲಿ ಶುಭವನ್ನೇ ನುಡಿದಿತ್ತು. ನೀನು ಬಾಯಿ ಬಿಟ್ಟಿದ್ದಕ್ಕೇ ಮಳೆ ಬಂತು!”

ಕರಿನಾಲಿಗೆ ಎಂದರೆ ಆಡಿದ ಕೆಟ್ಟ ಮಾತು ನಿಜವಾಗುವ ನಾಲಿಗೆ. ಇರುವೆ ಸಿಟ್ಟಾಗಲಿಲ್ಲ.

“ತಪ್ಪಾಯಿತು ಅಕ್ಕ,” ಎಂದಿತು. “ನಾನು ಹೇಳಿದ್ದಕ್ಕೇ ಮಳೆ ಬರುವುದಾದರೆ, ಇಗೋ ಹೇಳಿದೆ: ಇನ್ನು ವರ್ಷವಿಡೀ ಬಿಸಿಲೇ. ನೀನು ಯಾವಾಗ ಬೇಕಾದರೂ ಹೊರಡು.”