ಪರಮಶಿವಯ್ಯನವರ ಎ.ಸಿ. ಖರ್ಚು

ಮಡಿಕೇರಿಯ ಡಿಸೆಂಬರ್ ಚಳಿಗೆ ಕಂಬಳಿ ಸಾಲದೆ ಜನ ಒಲೆ ಮುಂದೆ ಕೂರುವಾಗ, ಕಂಟ್ರಾಕ್ಟರ್ ಪರಮಶಿವಯ್ಯನವರು ಮನೆಗೆ ಎ.ಸಿ. ತರಿಸಿದರು ನೋಡಿ! ಕಾರಣ ಇಷ್ಟೇ, ಮಂಗಳೂರಿನ ಬೀಗರ ಮನೆಯಲ್ಲಿ ಎ.ಸಿ. ಇತ್ತು.

ಅಡುಗೆಯವಳನ್ನು ಕರೆದು, "ಇದಕ್ಕೆ ಸಿಕ್ಕಾಪಟ್ಟೆ ಖರ್ಚಾಯ್ತು. ಈ ವರ್ಷ ನಿನ್ನ ಕೋಣೆಗೆ ಸೌದೆ ಇಲ್ಲ," ಎಂದರು.

ಹೋದ ವರ್ಷದ ಚಳಿ ಅವಳ ಮಾವನನ್ನು ಕೊಂಡೊಯ್ದಿತ್ತು. ಅದೇ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಈಗಲೇ ಕೆಮ್ಮಿ ಕೆಮ್ಮಿ ಸೊರಗಿದ್ದಳು. ಅತ್ತರೆ ಕರಗುವ ಆಸಾಮಿಯಲ್ಲ ಯಜಮಾನರು.

ಅಷ್ಟರಲ್ಲಿ ಎ.ಸಿ. ಕೂರಿಸಲು ಬಂದವನು, "ಹೊರಗಿಡೋ ಪೆಟ್ಟಿಗೆಗೆ ಕೋತಿ ಕಾಟ ಸಾರ್. ಕಬ್ಬಿಣದ ಗೂಡು ಮಾಡಿಸಬೇಕು, ಅದರ ಖರ್ಚು ಬೇರೆ," ಎಂದ. ಯಜಮಾನರ ಮುಖ ಹುಳ್ಳಗಾಯಿತು.

ಬ್ಯಾಂಕಿನ ಹಿಂದೆ ಅಂಥದೇ ಪೆಟ್ಟಿಗೆ ಬಿಸಿಗಾಳಿ ಉಗುಳುವುದನ್ನೂ ಅದರ ಮುಂದೆ ಬೀದಿನಾಯಿಗಳು ಸುಖವಾಗಿ ಮಲಗುವುದನ್ನೂ ಅವಳು ಕಂಡಿದ್ದಳು. "ಗೂಡು ಯಾಕೆ ಯಜಮಾನ್ರೇ? ಗೋಡೆಯಾಚೆ ನಮ್ಮ ಕೋಣೆಯೇ ಇದೆಯಲ್ಲ. ಅಲ್ಲೇ ಇಡಿಸಿ, ನಾವು ಕಾಯ್ತೀವಿ."

"ನಿನಗೂ ಬುದ್ಧಿ ಇದೆ ಕಣೆ!" ಎಂದು ಯಜಮಾನರು ಹಿಗ್ಗಿದರು.

ಬೀಗರು ಬಂದ ಸಂಜೆ ಎ.ಸಿ. ಶುರುವಾಯಿತು. ಬೀಗರ ಹಲ್ಲು ಕಟಕಟ ಎಂದವು. ಪರಮಶಿವಯ್ಯನವರು ಶಾಲು ಹೊದ್ದು, ಬಿಸಿ ಕಾಫಿ ಹೇಳಲು ಅಡುಗೆಯವಳ ಕೋಣೆಗೆ ಹೋದರೆ ಅಲ್ಲಿ ಬೇಸಿಗೆ! ಮುದುಕಿ ಕಂಬಳಿ ಒದ್ದು ನಿದ್ದೆ ಹೋಗಿದ್ದಳು.

"ಏನೇ ಇದು?"

"ನಿಮ್ಮ ಪುಣ್ಯ ಯಜಮಾನ್ರೇ. ನಿಮಗೆ ಬೇಡವಾದ ಶಾಖ ಇಲ್ಲಿಗೆ ಬರ್ತಿದೆ. ಚಳಿಯಾದರೆ ಆರಿಸಿಬಿಡಿ. ನಿಮ್ಮ ಕೈಲಿ ತಡೆಯೋಕಾಗಲಿಲ್ಲ ಅಂತ ಬೀಗರಿಗೆ ನಾನೇ ಹೇಳ್ತೀನಿ."

ಪರಮಶಿವಯ್ಯನವರು ಒಂದು ಗಳಿಗೆ ಆ ಬೆಚ್ಚನೆಯ ಗಾಳಿಗೆ ಕೈಯೊಡ್ಡಿ ನಿಂತರು. ಆಮೇಲೆ, "ನನಗೆಂಥ ಚಳಿ!" ಎಂದು ಗದರಿ, ನಡುಗುತ್ತಲೇ ಹಜಾರಕ್ಕೆ ಹೋಗಿ ಎ.ಸಿ.ಯನ್ನು ಇನ್ನಷ್ಟು ಜೋರು ಮಾಡಿದರು.